ಮನೆಪಟದಲ್ಲಿ ಮಹಾಕಾಯ

೧

ಮನೆಯಿಂದ ಮನೆಗೆ ಕಾಯಿ ನಡೆಸಿ ಆಡುವ ಆಟಗಳಲ್ಲಿ ಕಾಯಿಯ ಗಾತ್ರಕ್ಕೆ ಅರ್ಥವಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಚದುರಂಗದಲ್ಲಿ ಆನೆಯೂ ಒಂದೇ ಮನೆಯಲ್ಲಿ ನಿಲ್ಲುತ್ತದೆ, ಪದಾತಿಯೂ ಒಂದೇ ಮನೆಯಲ್ಲಿ ನಿಲ್ಲುತ್ತಾನೆ. ಆನೆಯ ಹೆಚ್ಚಳವಿರುವುದು ಅದರ ನಡೆಯಲ್ಲಿಯೇ ಹೊರತು ಒಡಲಿನಲ್ಲಲ್ಲ. ಆದುದರಿಂದಲೇ ಚದುರಂಗದ ಆನೆಯನ್ನು ಕಂಡು ಯಾರಿಗೂ ಭಯವಾಗಲಿ ಅದ್ಭುತವಾಗಲಿ ಹುಟ್ಟುವುದಿಲ್ಲ. ಹುಟ್ಟಬೇಕೆಂದು ಆ ಆಟವು ಅಪೇಕ್ಷಿಸುವುದೂ ಇಲ್ಲ.

ಇದಕ್ಕೆ ಭಿನ್ನವಾದ ಆಟವೊಂದು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ೧೯೭೪ರಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಎಂಬಿಬ್ಬರು ರಚಿಸಿದ ಅದಕ್ಕೆ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂದು ಹೆಸರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಯೋಧನಾಗಿ, ಒಬ್ಬನು ಮಾಂತ್ರಿಕನಾಗಿ, ಇನ್ನೊಬ್ಬನು ಕಳ್ಳನಾಗಿ, ಹೀಗೆ ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿ ಮಾತಿನಿಂದಲೇ ಕಥೆಯನ್ನು ನಡೆಸುತ್ತಾರೆ. ಅವರಲ್ಲೊಬ್ಬನು ಸೂತ್ರಧಾರ, ಆಟದ ಪರಿಭಾಷೆಯಲ್ಲಿ ಅವನು 'ಡಂಜನ್ ಮಾಸ್ಟರ್.' ಲೋಕವನ್ನು ವರ್ಣಿಸುವವನೂ, ಶತ್ರುಗಳನ್ನು ನಡೆಸುವವನೂ, ನ್ಯಾಯ ಹೇಳುವವನೂ ಅವನೇ. ಸಂದಿಗ್ಧವಾದುದನ್ನು ದಾಳವು ನಿರ್ಣಯಿಸುತ್ತದೆ. ಯುದ್ಧವೊದಗಿದಾಗ ಅನೇಕ ಗೋಷ್ಠಿಗಳಲ್ಲಿ ಚೌಕುಳಿಗೆರೆಗಳನ್ನೆಳೆದ ಪಟವೊಂದನ್ನು ಹಾಸಿ ಪಾತ್ರಗಳಿಗೆ ಕಾಯಿಗಳನ್ನಿಡುವ ರೂಢಿಯುಂಟು. ಒಂದಂಗುಲದ ಒಂದು ಮನೆಯು ಐದಡಿಯ ನೆಲಕ್ಕೆ ಸಮವೆಂದು ಎಣಿಕೆ.

ಈ ಆಟದಲ್ಲಿ ಕಥೆಯುಂಟು, ಪಾತ್ರವುಂಟು, ವರ್ಣನೆಯುಂಟು. ಆದಕಾರಣ ರಸವಿಚಾರಕ್ಕೂ ಎಡೆಯುಂಟು. ಕಾವ್ಯದಲ್ಲಿ ಕವಿಗೆ ಬಾರದ ಒಂದು ಕಷ್ಟವು ಇಲ್ಲಿಯ ಸೂತ್ರಧಾರನಿಗೆ ಬರುತ್ತದೆ. ಬೆಟ್ಟದಂತಹ ರಾಕ್ಷಸನೆಂದು ಕವಿಯು ಹೇಳಿ ಮುಗಿಸಬಹುದು. ಸೂತ್ರಧಾರನಾದರೋ ಆ ಬೆಟ್ಟವನ್ನು ತಂದು ಅಂಗುಲದ ಮನೆಗಳ ಮೇಲೆ ಇರಿಸಬೇಕು. ಇರಿಸಿದೊಡನೆ ಬೆಟ್ಟವು ಬಿಲ್ಲೆಯಾಗುತ್ತದೆ. ಇದೇಕೆ ಹೀಗಾಗುತ್ತದೆ, ಇದಕ್ಕೆ ಪರಿಹಾರವೇನು ಎಂಬುದೇ ಪ್ರಕೃತ ವಿಚಾರ.

೨

ಮೊದಲು ಮಾನದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡತಕ್ಕದ್ದು. ಈ ಆಟದ ಮೂಲವು ಸೀಸದ ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ನಡೆಸುವ ಸಮರಕ್ರೀಡೆಯಲ್ಲಿದೆ. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಅವರು ೧೯೭೧ರಲ್ಲಿ ಹೊರಡಿಸಿದ 'ಚೈನ್‌ಮೇಲ್' ಎಂಬ ನಿಯಮಪುಸ್ತಕಕ್ಕೆ ದೈತ್ಯರನ್ನೂ ಬೆಂಕಿಯುಗುಳುವ ಸರ್ಪಗಳನ್ನೂ ಕುರಿತ ಅನುಬಂಧವೊಂದಿತ್ತು. ಅಲ್ಲಿಂದ ಬಂದ ಸಂಸ್ಕಾರದಿಂದ ಪ್ರಾರಂಭದ ಗ್ರಂಥಗಳಲ್ಲಿ ದೂರವನ್ನು ಅಂಗುಲಗಳಿಂದಲೇ ಹೇಳುತ್ತಿದ್ದರು. ಅಂಗುಲವೆಂದರೆ ಒಳಾಂಗಣದಲ್ಲಿ ಹತ್ತು ಅಡಿ, ಹೊರಬಯಲಿನಲ್ಲಿ ಹತ್ತು ಗಜ. ೧೯೭೭ರ 'ಮಾನ್ಸ್ಟರ್ ಮ್ಯಾನ್ಯುಅಲ್' ಎಂಬ ಸತ್ತ್ವಕೋಶದಲ್ಲಿ ಗಾತ್ರಕ್ಕೆ ಮೂರೇ ವರ್ಗಗಳು: ಮನುಷ್ಯನಿಗಿಂತ ಕಿರಿದು, ಮನುಷ್ಯಪ್ರಮಾಣ, ಮನುಷ್ಯನಿಗಿಂತ ಹಿರಿದು. ೧೯೮೯ರ ಎರಡನೆಯ ಆವೃತ್ತಿಯಲ್ಲಿ ಇವು ಆರಾದವು. ಇಪ್ಪತ್ತೈದಡಿಗೆ ಮೀರಿದವೆಲ್ಲವೂ 'ಗಾರ್ಗ್ಯಾಂಟುಅನ್' ಎಂಬ ಕೊನೆಯ ವರ್ಗಕ್ಕೆ ಸೇರಿದವು.

೨೦೦೦ದ ಮೂರನೆಯ ಆವೃತ್ತಿಯಲ್ಲಿ ಐದಡಿಯ ಮನೆಯು ಯುದ್ಧನಿಯಮಗಳ ಅಡಿಗಲ್ಲಾಯಿತು. ಅದರಲ್ಲಿ ಕುದುರೆಗೆ ಐದಡಿ ಅಗಲ, ಹತ್ತಡಿ ಉದ್ದದ ಆಯತವನ್ನು ವಿಧಿಸಿದ್ದರು. ೨೦೦೩ರ ಪರಿಷ್ಕರಣದಲ್ಲಿ ಆ ಆಯತವನ್ನು ತೆಗೆದುಹಾಕಿ, ಕುದುರೆಗೂ ಹತ್ತಡಿಯ ಸಮಚೌಕವನ್ನೇ ಕೊಟ್ಟರು. ಉದ್ದವಾದ ಪ್ರಾಣಿಯು ಪ್ರತಿ ತಿರುವಿನಲ್ಲಿಯೂ ಯಾವ ಮನೆಗಳನ್ನು ಬಿಟ್ಟು ಯಾವ ಮನೆಗಳನ್ನು ಹಿಡಿಯಿತೆಂಬ ತಕರಾರು ಇದರಿಂದ ನಿಂತಿತು, ಲೆಕ್ಕವು ಸುಲಭವಾಯಿತು. ಆದರೆ ಅದರೊಡನೆ ಪ್ರಾಣಿಗಳಿಗೆ ಮುಖವೂ ಬೆನ್ನೂ ಇಲ್ಲವಾದವು. ೨೦೧೪ರ ಐದನೆಯ ಆವೃತ್ತಿಯು ಮನೆಪಟವನ್ನು ಐಚ್ಛಿಕವೆಂದು ಹೇಳಿದರೂ ಚೌಕದ ಪದ್ಧತಿಯನ್ನೇ ಉಳಿಸಿಕೊಂಡಿತು. ಅದರ ಪ್ರಕಾರ ಮನುಷ್ಯನಿಗೆ ೧ ಮನೆ, ಹಿರಿದಾದುದಕ್ಕೆ ೪, ಅದಕ್ಕೂ ಹಿರಿದಕ್ಕೆ ೯, ಎಲ್ಲಕ್ಕಿಂತ ಹಿರಿದಕ್ಕೆ ೧೬ ಅಥವಾ ಹೆಚ್ಚು. ೨೦೨೪ರಿಂದ ಈ ಗ್ರಂಥಗಳು ಮತ್ತೆ ಪರಿಷ್ಕೃತವಾಗಿವೆ. ಈ ವಿಚಾರಕ್ಕೆ ೨೦೧೪ರ ಪಾಠವನ್ನೇ ಆಧಾರವಾಗಿಟ್ಟುಕೊಂಡಿದೆ.

೩

ದೋಷವನ್ನು ಸಾಮಾನ್ಯವಾಗಿ ಹೇಳುವುದಕ್ಕಿಂತ ಒಂದು ಲಕ್ಷ್ಯದಲ್ಲಿ ತೋರಿಸುವುದು ಮೇಲು. ಆ ಲಕ್ಷ್ಯವು 'ಟಾರಾಸ್ಕ್' ಎಂಬ ಮಹಾಸತ್ತ್ವ. ಇದರ ಹೆಸರು ಫ್ರಾನ್ಸ್ ದೇಶದ ಪ್ರೊವಾನ್ಸ್ ಸೀಮೆಯ ಐತಿಹ್ಯದಿಂದ ಬಂದುದು. ರೋನ್ ನದಿಯ ದಂಡೆಯ ತಾರಾಸ್ಕೋನ್ ಊರನ್ನು ಪೀಡಿಸುತ್ತಿದ್ದ ಘೋರಮೃಗವನ್ನು ಸಂತ ಮಾರ್ತಾ ಎಂಬಾಕೆ ತನ್ನ ಸೊಂಟದ ಪಟ್ಟಿಯಿಂದ ಕಟ್ಟಿ ವಶಪಡಿಸಿಕೊಂಡಳೆಂಬುದು ಅಲ್ಲಿಯ ಕಥೆ. ಇಂದಿಗೂ ಆ ಊರಿನ ಉತ್ಸವದಲ್ಲಿ ಅದರ ಪ್ರತಿಮೆಯನ್ನು ಬೀದಿಗಳಲ್ಲಿ ಮೆರೆಸುತ್ತಾರೆ. ಆಟದ ಗ್ರಂಥಗಳಿಗೆ ಅದು ೧೯೮೩ರಲ್ಲಿ ಸೇರಿತು. ೨೦೧೪ರ ಸತ್ತ್ವಕೋಶವು ಅದನ್ನು ೫೦ ಅಡಿ ಎತ್ತರ, ೭೦ ಅಡಿ ಉದ್ದದ ದ್ವಿಪಾದಿಯೆಂದು ವರ್ಣಿಸಿ, ೬೭೬ ಪ್ರಾಣಾಂಕಗಳನ್ನು ಕೊಟ್ಟಿದೆ. ಪ್ರಾಣಾಂಕವೆಂದರೆ ಪೆಟ್ಟು ಬಿದ್ದಂತೆಲ್ಲ ಕಳೆಯುತ್ತ ಹೋಗುವ ಸಂಖ್ಯೆ. ಅದು ಶೂನ್ಯವಾದರೆ ಸತ್ತ್ವವು ಬಿದ್ದಂತೆ.

ಇದನ್ನು ಪಟದ ಮೇಲಿರಿಸಿ ನೋಡಿದರೆ ನಾಲ್ಕು ಅನೌಚಿತ್ಯಗಳು ತೋರಿಬರುತ್ತವೆ.

ಮೊದಲನೆಯದು ಪ್ರಮಾಣದ ಅನೌಚಿತ್ಯ. ೭೦ ಅಡಿ ಉದ್ದವೆಂದರೆ ೧೪ ಮನೆಗಳು. ಆದರೆ ರೂಢಿಯ ಬಿಲ್ಲೆಯು ನಾಲ್ಕು ಮನೆ ಅಗಲ, ನಾಲ್ಕು ಮನೆ ಉದ್ದ, ಎಂದರೆ ೨೦ ಅಡಿ. ಉಳಿದ ೫೦ ಅಡಿಯ ಒಡಲು ಎಲ್ಲಿ ಹೋಯಿತೆಂಬುದಕ್ಕೆ ಪಟದಲ್ಲಿ ಉತ್ತರವಿಲ್ಲ. 'ಅಥವಾ ಹೆಚ್ಚು' ಎಂದು ನಿಯಮವೇ ಅವಕಾಶ ಕೊಟ್ಟಿದ್ದರೂ ಆ ಅವಕಾಶವನ್ನು ಬಳಸುವವರು ವಿರಳ.

ಎರಡನೆಯದು ದಿಕ್ಕಿನ ಅನೌಚಿತ್ಯ. ಮುಖಬೆನ್ನುಗಳಿಲ್ಲದ ಚೌಕವಾದ್ದರಿಂದ ಅದು ಒಂದೇ ಸರದಿಯಲ್ಲಿ ಕಚ್ಚುವ ಬಾಯಿ, ಎರಡು ಪಂಜ, ಕೊಂಬು, ಬಾಲ ಇವೈದನ್ನೂ ಪಕ್ಕದಲ್ಲಿ ನಿಂತ ಒಬ್ಬನ ಮೇಲೆಯೇ ಪ್ರಯೋಗಿಸಬಹುದು. ಅಷ್ಟು ದೂರದಲ್ಲಿರುವ ಬಾಯಿಯೂ ಬಾಲವೂ ಒಂದೇ ಗಳಿಗೆಯಲ್ಲಿ ಒಬ್ಬನನ್ನೇ ಹೊಡೆಯುವುದು ಹೇಗೆಂದು ಯಾರೂ ಕೇಳುವುದಿಲ್ಲ.

ಮೂರನೆಯದು ಗತಿಯ ಅನೌಚಿತ್ಯ. ಆರು ಸೆಕೆಂಡುಗಳ ಒಂದು ಸುತ್ತಿನಲ್ಲಿ ಸಾಮಾನ್ಯ ಮನುಷ್ಯನು ೩೦ ಅಡಿ ನಡೆದರೆ ಟಾರಾಸ್ಕು ೪೦ ಅಡಿ ನಡೆಯುತ್ತದೆ. ಮನುಷ್ಯನು ತನ್ನ ಎತ್ತರದ ಐದರಷ್ಟು ದೂರ ಹೋಗುವಷ್ಟರಲ್ಲಿ ಆ ಮಹಾಕಾಯವು ತನ್ನ ಒಡಲಿನ ಉದ್ದವನ್ನೂ ಕ್ರಮಿಸುವುದಿಲ್ಲ. ಅದರ ಒಂದು ಹೆಜ್ಜೆಯೇ ಹಲವು ಮನೆಗಳನ್ನು ದಾಟಬೇಕಾದಲ್ಲಿ, ಅದು ಮನೆಯಿಂದ ಮನೆಗೆ ಮೇಜಿನ ಮೇಲೆ ಜಾರುತ್ತದೆ.

ನಾಲ್ಕನೆಯದು ಎತ್ತರದ ಅನೌಚಿತ್ಯ, ಇದೇ ಮುಖ್ಯವಾದುದು. ಪಟವು ಚಪ್ಪಟೆ. ಕಾಲಿನ ಬುಡದಲ್ಲಿ ನಿಂತು ಕತ್ತಿಯಿಂದ ಹೊಡೆದವನೂ, ಗೋಪುರದ ಮೇಲಿಂದ ಕಣ್ಣಿಗೆ ಗುರಿಯಿಟ್ಟವನೂ ಒಂದೇ ರಾಶಿಯಿಂದ ಅಂಕಗಳನ್ನು ಕಳೆಯುತ್ತಾರೆ. ೬೭೫ ಅಂಕಗಳು ಹೋದರೂ ಅದು ನಿಂತೇ ಇರುತ್ತದೆ. ಒಂದು ಬೆರಳೂ ಕುಂಟಾಗದೆ ಮೊದಲಿನಂತೆಯೇ ಹೋರಾಡುತ್ತದೆ. ಪ್ರಾಣಾಂಕವೆಂಬುದು ಬರಿಯ ಮಾಂಸದ ಲೆಕ್ಕವಲ್ಲ, ಕೌಶಲ ಅದೃಷ್ಟಗಳೂ ಅದರಲ್ಲಿ ಸೇರಿವೆಯೆಂದು ಗೈಗ್ಯಾಕ್ಸ್ ೧೯೭೯ರಲ್ಲಿಯೇ ಸಮಾಧಾನ ಹೇಳಿದ್ದುಂಟು. ಮನುಷ್ಯವೀರನ ವಿಷಯದಲ್ಲಿ ಆ ಸಮಾಧಾನವು ಸಲ್ಲುತ್ತದೆ. ತನ್ನ ಒಡಲೇ ತನ್ನ ಮಹಿಮೆಯಾದ ಸತ್ತ್ವದ ವಿಷಯದಲ್ಲಿ ಸಲ್ಲುವುದಿಲ್ಲ.

ಇವುಗಳಿಗೆ ಮಕುಟದಂತೆ ರಸದೋಷವೊಂದುಂಟು. ಟಾರಾಸ್ಕನ್ನು ೧೨೦ ಅಡಿಯೊಳಗೆ ಕಂಡವರು ದಾಳವುರುಳಿಸಿ ಗೆಲ್ಲದಿದ್ದರೆ 'ಭೀತ'ರಾದರೆಂದು ನಿಯಮ. ರಸವನ್ನಾಗಲಿ ಸ್ಥಾಯಿಯನ್ನಾಗಲಿ ಅದರ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ಮಮ್ಮಟನು ಕಾವ್ಯಪ್ರಕಾಶದ ದೋಷಪ್ರಕರಣದಲ್ಲಿ ಪರಿಗಣಿಸಿರುವನಷ್ಟೆ. ಅದೇ ಸ್ವಶಬ್ದವಾಚ್ಯತೆಯು ಇಲ್ಲಿ ದಾಳದ ರೂಪದಲ್ಲಿ ಬಂದಿದೆ. ಪಾತ್ರವು ಭೀತವಾಯಿತೆಂದು ಕಾಗದದಲ್ಲಿ ಬರೆದುಕೊಂಡ ಆಟಗಾರನು ನಿಶ್ಚಿಂತನಾಗಿ ಕುಳಿತಿರುತ್ತಾನೆ. ಭೀತನಾದವನು ಭಯಕಾರಣದ ಕಡೆಗೆ ಮುಂದುವರಿಯಲಾರನೆಂಬ ವಿಧಿಯು ಅನುಭಾವವಾಗಿ ಯುಕ್ತವೇ ಸರಿ. ಆದರೆ ವಿಭಾವವಿಲ್ಲದ ಅನುಭಾವದಿಂದ ರಸವು ನಿಷ್ಪನ್ನವಾಗದು.

೪

ಇಲ್ಲಿ ಕೆಲವರು ಹೇಳುವುದೇನೆಂದರೆ, ದೋಷಕ್ಕೆಲ್ಲ ಮೂಲವು ಮನೆಪಟವೇ. ಅದನ್ನು ಸುತ್ತಿಟ್ಟು ವರ್ಣನೆಯಿಂದಲೇ ಯುದ್ಧವನ್ನು ನಡೆಸತಕ್ಕದ್ದು. ಕೇಳುವವರ ಮನಸ್ಸಿನಲ್ಲಿ ಮೃಗವು ಎಷ್ಟು ಬೇಕಾದರೂ ಬೆಳೆಯುತ್ತದೆ. ಮೇಲುನೋಟಕ್ಕೆ ಈ ಪಕ್ಷವು ರಮಣೀಯವಾಗಿದೆ. ಪಟವನ್ನೇ ಹಾಸದೆ ಚೆನ್ನಾಗಿ ಆಡುವ ಗೋಷ್ಠಿಗಳೂ ಬಹಳವಿವೆ.

ಆದರೆ ವಿಚಾರಿಸಿ ನೋಡಿದರೆ ಇದರಲ್ಲಿ ಒಂದು ದೊಡ್ಡ ಹಾನಿಯುಂಟು. ಕಾವ್ಯದ ನಾಯಕನು ಸತ್ತರೆ ಕೇಳುವವನು ಕವಿಯನ್ನು ದೂರುವುದಿಲ್ಲ. ಈ ಆಟದಲ್ಲಿಯಾದರೋ ಸಾಯುವ ಪಾತ್ರವು ಆಟಗಾರನು ತಿಂಗಳುಗಟ್ಟಳೆ, ಕೆಲವೊಮ್ಮೆ ವರ್ಷಗಟ್ಟಳೆ ಬೆಳೆಸಿದ್ದು. ಕೊಲ್ಲುವ ಮೃಗವು ಸೂತ್ರಧಾರನ ಕೈಯಲ್ಲಿರುವುದು. ನ್ಯಾಯ ಹೇಳುವವನೂ ಆತನೇ. ಪಟವಿಲ್ಲದಾಗ 'ಅದರ ಬಾಲವು ನಿನ್ನನ್ನು ಮುಟ್ಟಿತು' ಎಂದು ಸೂತ್ರಧಾರನು ಹೇಳಿದರೆ, 'ಅಷ್ಟು ದೂರದಲ್ಲಿದ್ದ ನನ್ನನ್ನು ಹೇಗೆ ಮುಟ್ಟಿತು?' ಎಂಬ ಪ್ರಶ್ನೆಗೆ ಸೂತ್ರಧಾರನ ಮಾತೊಂದೇ ಪ್ರಮಾಣ. ಪಟವಿದ್ದಾಗ ಮನೆಗಳೇ ಸಾಕ್ಷಿ. ಬಾಲದ ಚಾಚು ೨೦ ಅಡಿ. ೧೬ ಮನೆಗಳ ಬಿಲ್ಲೆಯ ಸುತ್ತಲೂ ಬಾಲಕ್ಕೆ ಎಟಕುವ ಮನೆಗಳು ೧೨೮, ೧೫ ಅಡಿ ಚಾಚುವ ಪಂಜಕ್ಕೆ ಎಟಕುವುವು ೮೪, ೧೦ ಅಡಿಯ ಬಾಯಿಗೆ ೪೮. ಈ ಲೆಕ್ಕವನ್ನರಿತು ಐದನೆಯ ಮನೆಯಲ್ಲಿ ನಿಂತವನು ಬುದ್ಧಿವಂತ. ನಾಲ್ಕನೆಯದರಲ್ಲಿ ನಿಂತವನು ಸಾಹಸಿ. ಮಾನವಿಲ್ಲದೆ ಈ ಭೇದವೇ ಇಲ್ಲ. ಭೇದವಿಲ್ಲದಲ್ಲಿ ಸಾಹಸವೂ ಇಲ್ಲ, ಸಾಹಸವಿಲ್ಲದಲ್ಲಿ ವೀರರಸವೂ ಇಲ್ಲ. ಆದಕಾರಣ ಮಾನವನ್ನು ತ್ಯಜಿಸಿ ಅದ್ಭುತವನ್ನು ಸಂಪಾದಿಸುವುದು ಬೇರನ್ನು ಕಡಿದು ಹೂವನ್ನು ಪಡೆಯುವಂತೆ.

ಮತ್ತೊಂದು ಮಾತು. ಮಿತವಾದ ನೆಲದಲ್ಲಿ ಅಮಿತವಾದುದನ್ನು ತೋರಿಸುವ ಕಷ್ಟವು ಹೊಸದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಮರ್ತ್ಯರಿಗೆ ಯೋಗ್ಯವಾದ ಪ್ರೇಕ್ಷಾಗೃಹವು ೬೪ ಹಸ್ತ ಉದ್ದ, ೩೨ ಹಸ್ತ ಅಗಲ. ಅದಕ್ಕಿಂತ ಹಿಗ್ಗಿಸಿದರೆ ಮಾತು ಕೇಳಿಸದು, ಮುಖದ ಭಾವವು ಕಾಣಿಸದು ಎಂದು ಆತನು ಎಚ್ಚರಿಸಿದ್ದಾನೆ. ಆ ಕಿರಿದಾದ ನೆಲವನ್ನೇ ಕಕ್ಷ್ಯಾವಿಭಾಗದಿಂದ ಹಂಚಿ ನಗರ, ವನ, ಪರ್ವತಗಳನ್ನು ತೋರಿಸಬೇಕೆಂಬುದು ಆತನ ವಿಧಿ. ಇದೇ ನಾಟ್ಯಧರ್ಮಿ. ರಂಗವು ಚಿಕ್ಕದೆಂದು ಭರತನು ರಂಗವನ್ನು ಬಿಡಲಿಲ್ಲ. ಅದನ್ನು ಓದುವ ಸಂಕೇತವನ್ನು ಬದಲಾಯಿಸಿದನು. ಮನೆಪಟದ ವಿಷಯದಲ್ಲಿಯೂ ಮಾಡಬೇಕಾದುದು ಇದನ್ನೇ.

೫

ಹಾಗಾದರೆ ಬದಲಾಯಿಸಬೇಕಾದ ಸಂಕೇತ ಯಾವುದು? ಮಹಾಕಾಯವನ್ನು ಪಟದ ಮೇಲಿನ ಕಾಯಿಯೆಂದು ತಿಳಿಯದೆ, ಪಟದ ಒಂದು ಭಾಗವೆಂದೇ ತಿಳಿಯತಕ್ಕದ್ದು. ಅದು ಪಾತ್ರವೂ ಹೌದು, ಸ್ಥಳವೂ ಹೌದು. ಸಣ್ಣ ಶತ್ರುವಿನ ಎದುರಿಗೆ ಮನುಷ್ಯನು ನಿಲ್ಲುತ್ತಾನೆ; ಮಹಾಕಾಯದ ಕೆಳಗೆ, ಮೇಲೆ, ಒಳಗೆ ನಿಲ್ಲುತ್ತಾನೆ.

ವಾಲ್ಮೀಕಿರಾಮಾಯಣದ ಯುದ್ಧಕಾಂಡದಲ್ಲಿ ಕುಂಭಕರ್ಣನ ಪ್ರಸಂಗವು ಇದಕ್ಕೆ ಉತ್ತಮವಾದ ನಿದರ್ಶನ. ಕಪಿಗಳು ಬೆಟ್ಟವನ್ನು ಹತ್ತುವಂತೆ ಅವನನ್ನು ಹತ್ತುತ್ತವೆ. ಅವನು ನುಂಗಿದ ಕಪಿಗಳು ಮೂಗಿನ ಹೊಳ್ಳೆಗಳಿಂದಲೂ ಕಿವಿಗಳಿಂದಲೂ ಹೊರಬರುತ್ತವೆ. ರಾಮನು ಅವನನ್ನು ಒಂದೇ ರಾಶಿಯಾಗಿ ಕೊಲ್ಲುವುದಿಲ್ಲ. ಒಂದು ತೋಳು, ಇನ್ನೊಂದು ತೋಳು, ಆಮೇಲೆ ಪಾದಗಳು, ಕಡೆಗೆ ತಲೆ. ಕತ್ತರಿಸಿದ ತೋಳು ಬಿದ್ದಲ್ಲಿ ಕಪಿಗಳು ನುಗ್ಗಾಗುತ್ತಾರೆ. ಬಿದ್ದ ತಲೆಗೆ ಲಂಕೆಯ ಪ್ರಾಕಾರವು ಮುರಿಯುತ್ತದೆ. ಅವನು ಎಷ್ಟು ಹಸ್ತ ಎತ್ತರವೆಂಬ ಲೆಕ್ಕದಿಂದ ಅವನ ಗಾತ್ರವು ಮನಸ್ಸಿಗೆ ಹತ್ತುವುದಿಲ್ಲ, ಅವನ ಮೇಲೆಯೂ ಒಳಗೂ ಕೆಳಗೂ ಇತರರಿಗೆ ಒದಗುವ ಸ್ಥಿತಿಯಿಂದ ಹತ್ತುತ್ತದೆ.

ಆಟದ ಗ್ರಂಥಗಳಲ್ಲಿಯೂ ಇದರ ಬೀಜವಿದೆ. ಟಾರಾಸ್ಕು ಹಿಡಿದವನನ್ನು ನುಂಗಬಲ್ಲದು. ನುಂಗಿಸಿಕೊಂಡವನು ಕತ್ತಲಲ್ಲಿ ಆಮ್ಲದಿಂದ ಬೇಯುತ್ತ, ಒಳಗಿನಿಂದ ಒಂದೇ ಸರದಿಯಲ್ಲಿ ೬೦ ಅಂಕಗಳ ಪೆಟ್ಟು ಕೊಟ್ಟರೆ ಅದು ಅವನನ್ನು ಕಾರಿಕೊಳ್ಳುವ ಸಂಭವವುಂಟು. ಇಲ್ಲಿ ಮೃಗದ ಹೊಟ್ಟೆಯು ಸ್ಥಳವಾಯಿತು. ಆಡುವವರು ಈ ಯುದ್ಧದಲ್ಲಿ ನೆನಪಿಡುವುದೂ ಬಹುಮಟ್ಟಿಗೆ ಇದನ್ನೇ. ಹಾಗೆಯೇ ಹಿರಿಯ ಸತ್ತ್ವದ ಮೈಯನ್ನು ಹತ್ತುವ ಐಚ್ಛಿಕ ನಿಯಮವೊಂದು ೨೦೧೪ರ ಸೂತ್ರಧಾರಗ್ರಂಥದಲ್ಲಿದೆ. ಹೊಟ್ಟೆಗೆ ಸಂದ ನ್ಯಾಯವು ಬೆನ್ನಿಗೂ ಕಾಲಿಗೂ ಬಾಲಕ್ಕೂ ಸಲ್ಲಬೇಕೆಂಬುದಷ್ಟೆ ಇಲ್ಲಿಯ ಸಿದ್ಧಾಂತ.

ಪ್ರಯೋಗದ ಕ್ರಮವನ್ನು ಟಾರಾಸ್ಕಿನಲ್ಲಿಯೇ ತೋರಿಸಬಹುದು. ೧೪ ಮನೆಗಳ ಉದ್ದವನ್ನು ಬಾಲಕ್ಕೆ ೬, ಒಡಲಿಗೆ ೫, ಕೊರಳು ತಲೆಗಳಿಗೆ ೩ ಎಂದು ಹಂಚತಕ್ಕದ್ದು. ನೆಲವನ್ನು ಮುಟ್ಟುವುವು ಬಾಲವೂ ಎರಡು ಪಾದಗಳೂ ಮಾತ್ರ. ಪಾದವೊಂದಕ್ಕೆ ನಾಲ್ಕು ಮನೆ. ಎರಡು ಪಾದಗಳ ನಡುವೆ, ಹೊಟ್ಟೆಯ ಅಡಿಯಲ್ಲಿ, ತೆರಪಾದ ನೆಲವುಂಟು. ಅಲ್ಲಿ ನಿಂತವನಿಗೆ ಬಾಯಿ ಎಟಕದು, ಆದರೆ ಅದು ಕುಸಿದರೆ ಅವನಿಗೆ ಉಳಿವಿಲ್ಲ. ಪ್ರಾಣಾಂಕವನ್ನೂ ಅವಯವಗಳಿಗೆ ಹಂಚಬಹುದು: ಪಾದಕ್ಕೆ ೧೨೦ರಂತೆ ೨೪೦, ತೋಳಿಗೆ ೮೦ರಂತೆ ೧೬೦, ಬಾಲಕ್ಕೆ ೧೦೦, ತಲೆಗೂ ಒಡಲಿಗೂ ಉಳಿದ ೧೭೬. ಒಟ್ಟು ಮೊದಲಿನ ೬೭೬ಕ್ಕೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪಾದವೊಂದು ಸೋತರೆ ಮೃಗವು ಮಂಡಿಯೂರುತ್ತದೆ. ಕತ್ತಿಗೆ ನಿಲುಕದಿದ್ದ ತಲೆಯು ಕೆಳಗಿಳಿಯುತ್ತದೆ. ಅದು ಬಿದ್ದ ಮನೆಗಳಲ್ಲಿ ನೆಲವು ಒಡೆದು ನಡೆಯುವುದಕ್ಕೆ ಕಷ್ಟವಾಗುತ್ತದೆ. ಯುದ್ಧವು ಮುಂದುವರಿದಂತೆಲ್ಲ ಪಟವೇ ಬೇರೆಯಾಗುತ್ತದೆ.

ಕಾಲದ ವಿಷಯದಲ್ಲಿಯೂ ಇಂತಹುದೇ ಒಂದು ಮಾರ್ಪಾಟು ಬೇಕು. ಐವರಿಗೆ ಐದು ಸರದಿ, ಮೃಗಕ್ಕೆ ಒಂದೇ ಸರದಿಯಾದರೆ ಅದು ಬಹುಕಾಲ ಸುಮ್ಮನೆ ನಿಂತು ಹೊಡೆಸಿಕೊಳ್ಳುವ ಕಂಬವಾಗುತ್ತದೆ. ೨೦೦೮ರ ನಾಲ್ಕನೆಯ ಆವೃತ್ತಿಯು ಒಂಟಿಯಾಗಿ ಐವರಿಗೆ ಸಮನಾಗುವ ಸತ್ತ್ವಗಳ ವರ್ಗವನ್ನು ಕಲ್ಪಿಸಿತು. ೨೦೧೪ರದು ಇತರರ ಸರದಿಗಳ ಕೊನೆಗೆ ಮೃಗವು ಮಾಡಬಹುದಾದ ಮೂರು ಉಪಕ್ರಿಯೆಗಳನ್ನು ಕೊಟ್ಟಿತು. ಇದಕ್ಕೆ ಸೇರಿಸಬೇಕಾದುದು ಮುನ್ಸೂಚನೆ. ಮೃಗವು ಬಲಗಾಲನ್ನೆತ್ತಿದಾಗಲೇ ಅದು ಬೀಳಲಿರುವ ನಾಲ್ಕು ಮನೆಗಳನ್ನು ಸೂತ್ರಧಾರನು ಪಟದ ಮೇಲೆ ಗುರುತುಮಾಡಿ, ಆಟಗಾರರ ಸರದಿಗಳು ಕಳೆದ ಬಳಿಕ ಅದನ್ನು ಇಳಿಸಬೇಕು. ಆ ಮನೆಗಳಲ್ಲೊಂದರಲ್ಲಿ ಗಾಯಗೊಂಡ ಸಂಗಡಿಗನು ಬಿದ್ದಿದ್ದಾನೆನ್ನಿ. ಅವನನ್ನು ಎಳೆದು ತರುವುದೋ, ಎತ್ತಿದ ಕಾಲಿನ ಮಡಿಲಿಗೆ ಹೊಡೆಯುವುದೋ, ತಾನು ಉಳಿಯುವುದೋ? ಭೀತನಾದೆಯೆಂದು ಇಲ್ಲಿ ಯಾರೂ ಹೇಳಬೇಕಾದುದಿಲ್ಲ. ಗುರುತಾದ ಮನೆಗಳೇ ವಿಭಾವ. ಮೇಜಿನ ಸುತ್ತ ಹಬ್ಬುವ ಮೌನವೇ ಅನುಭಾವ. ಗಮನಿಸತಕ್ಕ ಅಂಶವೆಂದರೆ, ಇದನ್ನು ಸಾಧ್ಯಮಾಡಿದುದು ಮನೆಪಟವೇ. ಯಾವ ಮಾನವು ಅದ್ಭುತಕ್ಕೆ ಶತ್ರುವೆಂದು ತೋರುತ್ತಿತ್ತೋ ಅದೇ ಭಯಾನಕಕ್ಕೆ ಆಶ್ರಯವಾಯಿತು.

೬

ಈ ಸಿದ್ಧಾಂತಕ್ಕೆ ಎರಡು ಆಕ್ಷೇಪಗಳು ಬರಬಹುದು. ಅವಯವಗಳಿಗೆಲ್ಲ ಬೇರೆಬೇರೆ ಲೆಕ್ಕವಿಡುವುದು ಸೂತ್ರಧಾರನಿಗೆ ಭಾರವಲ್ಲವೆ ಎಂಬುದೊಂದು. ಭಾರವೇ ಸರಿ. ಆದುದರಿಂದ ಇದನ್ನು ಎಲ್ಲ ಹಿರಿಯ ಸತ್ತ್ವಗಳಿಗೂ ವಿಧಿಸತಕ್ಕದ್ದಲ್ಲ. ಒಂಬತ್ತು ಮನೆಯ ಆನೆಯೋ ದೈತ್ಯನೋ ಬಿಲ್ಲೆಯಾಗಿಯೇ ಇರಲಿ. ಕಥೆಯ ಅಂಗಿಯಾದ ಮಹಾಸತ್ತ್ವವೊಂದಕ್ಕೆ ಮಾತ್ರ ಈ ವಿಸ್ತರವು ಉಚಿತ. ಅಂಗವನ್ನು ಅಂಗಿಯಂತೆ ಹಿಗ್ಗಿಸುವುದು ಕ್ಷೇಮೇಂದ್ರನ ಔಚಿತ್ಯವಿಚಾರಕ್ಕೂ ವಿರುದ್ಧ, ಆಡುವವರ ತಾಳ್ಮೆಗೂ ವಿರುದ್ಧ.

ಅವಯವಗಳನ್ನು ವಿಭಾಗಿಸಿದರೆ ಮಹಾಕಾಯವು ನಾಲ್ಕೈದು ಸಣ್ಣ ಶತ್ರುಗಳ ಗುಂಪಾಗಿ, ಅದರ ಏಕತ್ವವೇ ಹೋಗುವುದೆಂಬುದು ಎರಡನೆಯದು. ಇದು ಬಲವಾದ ಆಕ್ಷೇಪ. ಹಲವು ಪ್ರಯೋಗಗಳು ಕೆಡುವುದೂ ಇಲ್ಲಿಯೇ. ಪಾದವು ಸೋತರೂ ಬಾಲಕ್ಕೆ ಅದರ ಅರಿವಿಲ್ಲದಂತೆ ನಡೆಸಿದರೆ ಆಕ್ಷೇಪವು ಸಲ್ಲುತ್ತದೆ. ಒಂದರ ಸೋಲು ಉಳಿದೆಲ್ಲದರ ಸ್ಥಿತಿಯನ್ನೂ ಬದಲಾಯಿಸುವಂತೆ ನಡೆಸಿದರೆ ಸಲ್ಲುವುದಿಲ್ಲ. ಕುಂಭಕರ್ಣನ ತೋಳು ಬಿದ್ದ ಮೇಲೆ ಉಳಿದವನು ಮತ್ತಷ್ಟು ಘೋರನಾದನೇ ಹೊರತು ಒಂದು ತೋಳಿಗೆ ಕಡಿಮೆಯಾದವನೆಂದು ಯಾರಿಗೂ ತೋರಲಿಲ್ಲ.

ಇನ್ನೊಂದು ನ್ಯೂನತೆಗೆ ಪಟದಲ್ಲಿ ಪರಿಹಾರವಿಲ್ಲವೆಂಬುದನ್ನು ಒಪ್ಪಬೇಕು. ೨೦೧೪ರ ಟಾರಾಸ್ಕಿಗೆ ರೆಕ್ಕೆಯಿಲ್ಲ, ದೂರಕ್ಕೆ ಎಸೆಯತಕ್ಕ ಅಸ್ತ್ರವೂ ಇಲ್ಲ. ಆಕಾಶದಲ್ಲಿ ನಿಂತು ಮಂತ್ರಿಸಿದ ಬಾಣಗಳನ್ನು ಬಿಡುವವನೊಬ್ಬನು ಅದನ್ನು ನಿಧಾನವಾಗಿ ತೀರಿಸಬಹುದು. ಇದು ವಸ್ತುವಿನಲ್ಲಿರುವ ದೋಷ. ಮೃಗವನ್ನು ಬರಿಬಯಲಿನಲ್ಲಿ ನಿಲ್ಲಿಸದೆ, ಕಿತ್ತೆಸೆಯಲು ಗೋಪುರಗಳೂ ಕಾಪಾಡಬೇಕಾದ ಜನರೂ ಇರುವ ಊರಿನ ನಡುವೆ ತರುವುದು ಸೂತ್ರಧಾರನ ವಿವೇಕಕ್ಕೆ ಸೇರಿದುದು. ತಾರಾಸ್ಕೋನಿನ ಐತಿಹ್ಯದಲ್ಲಿಯೂ ಮೃಗಕ್ಕೆ ಅರ್ಥ ಬಂದುದು ಊರಿನಿಂದಲೇ.

ಒಟ್ಟಿನಲ್ಲಿ ಹೇಳತಕ್ಕದ್ದಿಷ್ಟು. ಮನೆಯೆಂಬುದು ಆಟಗಾರನಿಗೆ ಸೂತ್ರಧಾರನು ಕೊಟ್ಟ ಮಾತು. ಇಷ್ಟು ದೂರದಲ್ಲಿ ನಿಂತರೆ ನಿನಗೆ ಇಂತಹ ಅಪಾಯವೆಂದು ಆ ಗೆರೆಗಳು ಹೇಳುತ್ತವೆ. ಅದ್ಭುತವನ್ನು ತರುವುದಕ್ಕಾಗಿ ಆ ಮಾತನ್ನು ಮುರಿಯಕೂಡದು. ಮಾತನ್ನು ಉಳಿಸುವುದಕ್ಕಾಗಿ ಬೆಟ್ಟವನ್ನು ಬಿಲ್ಲೆಮಾಡಿ ತೃಪ್ತಿಪಡುವುದೂ ಸಲ್ಲದು. ಮಹಾಕಾಯಕ್ಕೆ ಹೆಚ್ಚು ಮನೆಗಳನ್ನು ಕೊಟ್ಟ ಮಾತ್ರಕ್ಕೆ ಅದು ಮಹತ್ತಾಗುವುದಿಲ್ಲ. ಅದರ ಮೈಯೇ ಮನೆಗಳಾಗಿ, ಆ ಮನೆಗಳಲ್ಲಿ ಮನುಷ್ಯರು ನಿಂತು, ಹತ್ತಿ, ಜಾರಿ, ಬದುಕಬೇಕಾದಾಗ ಅದು ಮಹತ್ತಾಗುತ್ತದೆ.